ಒಂದು ಸೌಟು ಕೊಸರು

ನಮ್ಮ ಸಾಹುಕಾರರಿಗೆ ಕಬ್ಬಿಣಕ್ಕೂ ಬೆಲ್ಲಕ್ಕೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಈ ಮಾತನ್ನು ನಾನು ಅವರ ಬೆನ್ನ ಹಿಂದೆ ಎಷ್ಟು ಸಲ ಆಡಿದ್ದೇನೋ ನನಗೇ ನೆನಪಿಲ್ಲ. ಕೇಳಿದವರು ನಗುತ್ತಿದ್ದರು, ಅವರು ನಕ್ಕರೆಂದು ನಾನು ಮತ್ತೊಮ್ಮೆ ಆಡುತ್ತಿದ್ದೆ. ಬೆಲ್ಲ, ಶೇಂಗಾ, ಒಣಮೆಣಸಿನಕಾಯಿ ಎಂದು ಮೂವತ್ತು ವರ್ಷ ದಾವಣಗೆರೆಯ ಪೇಟೆಯಲ್ಲಿ ತಕ್ಕಡಿ ಹಿಡಿದಿದ್ದ ಮನುಷ್ಯ ಅರವತ್ತರ ದಶಕದ ಆರಂಭದಲ್ಲಿ, ಊರಿನಲ್ಲಿ ಎಲ್ಲರೂ ಏನಾದರೊಂದು ಕಾರ್ಖಾನೆ ಹಾಕುತ್ತಿದ್ದಾರೆಂದು ತಾವೂ ಒಂದು ಹಾಕಿದರು. ಯಾರಾದರೂ ಎಣ್ಣೆ ಗಿರಣಿ ಅಂದಿದ್ದರೆ ಅದನ್ನೇ ಹಾಕುತ್ತಿದ್ದರು. ಹೇಳಿದವನು ಎನಾಮಲ್ ಅಂದ. ಇವರು ಎನಾಮಲ್ ಹಾಕಿದರು.

ಶೆಡ್ಡು ಇದ್ದದ್ದು ಆವರಗೆರೆಯ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ. ನಾಲ್ಕು ಗೋಡೆ, ಮೇಲೆ ತಗಡು, ಹಿಂದೆ ಒಂದು ಹೊಗೆಗೂಡು. ಹೊಗೆ ನೋಡಿ ಮಂಡಕ್ಕಿ ಭಟ್ಟಿ ಎಂದು ತಿಳಿದು ಹಳ್ಳಿಯ ಜನ ಚೀಲ ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಸಾಹುಕಾರರು ಅವರನ್ನು ಗದರಿಸಿ ಕಳಿಸಬೇಕಲ್ಲ? ಇಲ್ಲ. "ಬರ್ರಿ, ಕೂಡ್ರಿ" ಎಂದು ಕೂಡಿಸಿ, ನೀರು ಕೊಡಿಸಿ, ಯಾವ ಓಣಿಯ ಯಾವ ಭಟ್ಟಿಯಲ್ಲಿ ಒಳ್ಳೆಯ ಮಂಡಕ್ಕಿ ಸಿಗುತ್ತದೆ ಎಂದು ವಿವರವಾಗಿ ಹೇಳುತ್ತಿದ್ದರು. ಕಾರ್ಖಾನೆಯ ಯಜಮಾನ ಮಾಡುವ ಕೆಲಸವೇ ಇದು ಎಂದು ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ನಾವು ಮಾಡುತ್ತಿದ್ದದ್ದು ಒಂದೇ ಕೆಲಸ. ಹೊಲಕ್ಕೆ ನೀರೆತ್ತುವ ಎಣ್ಣೆ ಎಂಜಿನ್ನುಗಳನ್ನು ಜೋಡಿಸುವ ಒಂದು ಸಣ್ಣ ಕಾರ್ಖಾನೆ ಹರಿಹರದಲ್ಲಿತ್ತು, ಈಗಿಲ್ಲ. ಎಂಜಿನ್ನಿನ ಹೊಗೆ ಆಚೆ ಹೋಗಲು ಮೊಣಕೈಯಂತೆ ಬಾಗಿದ ಬೀಡು ಕಬ್ಬಿಣದ ಒಂದು ಕೊಳವೆ ಇರುತ್ತದೆ, ಅದನ್ನು ಬೆಂಡ್ ಪೈಪು ಎನ್ನುತ್ತಿದ್ದೆವು. ಹೊಳೆದಂಡೆಯಲ್ಲಿ ಬಿಸಿಲು ಮಳೆಗೆ ನಿಂತ ಎಂಜಿನ್ನಿನ ಬೆಂಡ್ ಪೈಪು ಒಂದೆರಡು ಮಳೆಗಾಲಕ್ಕೆ ತುಕ್ಕು ತಿಂದು ತೂತು ಬೀಳುತ್ತಿತ್ತು. ತುಕ್ಕು ಹಿಡಿಯದಂತೆ ಅದರ ಮೈಗೆ ಎನಾಮಲ್ ಎಂಬ ಗಾಜಿನ ಲೇಪ ಕೊಡುವುದು ನಮ್ಮ ಪಾಲಿನ ಕೆಲಸ. ಪೈಪನ್ನು ಆಸಿಡ್ ತೊಟ್ಟಿಯಲ್ಲಿ ತೊಳೆದು, ನುಣ್ಣಗೆ ಅರೆದ ಗಾಜಿನ ಪುಡಿ, ಜೇಡಿಮಣ್ಣು, ನೀರು ಸೇರಿಸಿದ ನೀಲಿ ಹಿಟ್ಟಿನಲ್ಲಿ ಅದ್ದಿ, ಒಣಗಿಸಿ, ಭಟ್ಟಿಗೆ ಇಡಬೇಕು. ಪುಡಿ ಕರಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ತಣಿದ ಮೇಲೆ ಇನ್ನೊಂದು ಸಲ ಅದ್ದಿ, ಒಣಗಿಸಿ, ಇನ್ನೊಂದು ಸಲ ಸುಡಬೇಕು. ಎರಡು ಲೇಪ, ಎರಡು ಸುಡುವಿಕೆ, ಅಷ್ಟೇ.

ಕಷ್ಟ ಇರುವುದು ಲೇಪ ಕೊಡುವುದರಲ್ಲಲ್ಲ, ಅದು ಉಳಿಯುವುದರಲ್ಲಿ. ಎಂಜಿನ್ನು ಓಡಿದಾಗ ಬೆಂಡ್ ಪೈಪು ಹೆಚ್ಚುಕಡಿಮೆ ಕೆಂಡದಷ್ಟು ಕಾಯುತ್ತದೆ. ನೀರೆತ್ತುವ ಜಾಗ, ಅದರ ಮೇಲೆ ನೀರು ಬೀಳದೆ ಇರುವುದಿಲ್ಲ. ಕಬ್ಬಿಣ ಹಿಗ್ಗುವಷ್ಟು ಗಾಜು ಹಿಗ್ಗುವುದಿಲ್ಲ, ಕಬ್ಬಿಣ ಕುಗ್ಗುವ ಹಾಗೆ ಗಾಜು ಕುಗ್ಗುವುದೂ ಇಲ್ಲ. ಲೇಪ ತೆಳ್ಳಗಿದ್ದರೆ ಹೇಗೋ ಕಬ್ಬಿಣದ ಜೊತೆ ಹೊಂದಿಕೊಂಡು ಹೋಗುತ್ತದೆ. ದಪ್ಪವಾಯಿತೋ, ನೀರು ಬಿದ್ದ ಹೊರಮೈ ತಕ್ಷಣ ತಣಿದು ಕುಗ್ಗಲು ನೋಡುತ್ತದೆ, ಒಳಮೈ ಇನ್ನೂ ಕಾದೇ ಇರುತ್ತದೆ. ಆ ಎಳೆದಾಟದಲ್ಲಿ ಲೇಪ ಬಿರಿಯುತ್ತದೆ. ಇದನ್ನು ಆಮೇಲಿನ ವರ್ಷಗಳಲ್ಲಿ ನಾನು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳಿಗೆ ಭಾಷಣ ಮಾಡಿ ಹೇಳಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಯಾರಿಂದ ಕಲಿತಿರಿ ಎಂದು ಪುಣ್ಯಕ್ಕೆ ಒಬ್ಬರೂ ಕೇಳಲಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಬಿಎಸ್ಸಿ ಪಾಸು, ಅದೂ ಎರಡನೆಯ ದರ್ಜೆ. ಬಾತಿಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದೆ. ಶೆಡ್ಡಿನಲ್ಲಿ ನನ್ನ ಹುದ್ದೆಗೆ ಕೆಮಿಸ್ಟ್ ಎಂದು ಹೆಸರು. ಇಡೀ ಶೆಡ್ಡಿನಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಎನ್ನುವ ಕೊಬ್ಬು ನನ್ನ ನಡಿಗೆಯಲ್ಲೇ ಕಾಣುತ್ತಿತ್ತು. ತಗಡಿನ ದಪ್ಪ ಅಳೆಯುವ ಸ್ಕ್ರೂಗೇಜನ್ನು ಮೇಜಿನ ಮೇಲೆ ಬಂದವರಿಗೆಲ್ಲ ಕಾಣುವಂತೆ ಇಟ್ಟುಕೊಂಡಿದ್ದೆ. ಸುಮಾರು ಎರಡು ವರ್ಷ ಅದು ಅಲ್ಲೇ ಇತ್ತು. ಅದರಿಂದ ನಾನು ಏನನ್ನೂ ಅಳೆದಿರಲಿಲ್ಲ.

ಭಟ್ಟಿ ನೋಡಿಕೊಳ್ಳುತ್ತಿದ್ದವರು ಒಬ್ಬ ಮೇಸ್ತ್ರಿ. ಭಾನುವಳ್ಳಿಯವರು, ಐವತ್ತು ದಾಟಿದ್ದರು. ಹೊಲದ ತಮ್ಮ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಬೊಂಬಾಯಿಗೆ ಹೋಗಿ, ತಟ್ಟೆ ಲೋಟ ಮಾಡುವ ಎನಾಮಲ್ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಭಟ್ಟಿಯ ಮುಂದೆ ನಿಂತಿದ್ದವರು. ಬೆಂಕಿ ನೋಡಿ ನೋಡಿ ಅವರ ಕಣ್ಣಲ್ಲಿ ಯಾವಾಗಲೂ ನೀರು ಸುರಿಯುತ್ತಿತ್ತು. ಅವರ ಪಾಲಿಗೆ ನಮ್ಮ ಭಟ್ಟಿ ಎಂದರೆ ಊರಿನ ಹತ್ತಿರ ಮರ್ಯಾದೆಯಿಂದ ಬದುಕಲು ಇದ್ದ ಒಂದೇ ದಾರಿ. ಅದು ಹೋದರೆ, ಬಿಟ್ಟುಕೊಟ್ಟ ಹೊಲದಲ್ಲೇ ಅಣ್ಣನ ಕೈಕೆಳಗೆ ಕಳೆ ಕೀಳಬೇಕು. ಇದನ್ನು ಅವರೇ ಒಮ್ಮೆ ಮಿರ್ಚಿ ತಿನ್ನುತ್ತಾ ನಗುತ್ತಲೇ ಹೇಳಿದ್ದರು. ನಾನು ಅವರನ್ನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಭಟ್ಟಿಯ ಕಾವು ಎಷ್ಟು ಡಿಗ್ರಿ ಎಂದು ಕೇಳಿದರೆ, "ಮಾಗಿದ ಮೆಣಸಿನಕಾಯಿ ಬಣ್ಣ ಬಂದೈತ್ರಿ, ಇನ್ನ ಸ್ವಲ್ಪ ಬೇಕು" ಎನ್ನುವ ಮನುಷ್ಯನನ್ನು ಬಿಎಸ್ಸಿ ಓದಿದವನು ಯಾವ ಲೆಕ್ಕದಲ್ಲಿ ಇಡಬೇಕು?

ಈಗ ಕೊಸರಿನ ವಿಷಯ.

ಪೇಟೆಯಲ್ಲಿ ತೂಕ ಸರಿಯಾಗಿ ಹಾಕಿದ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಸಾಹುಕಾರರಿಗೆ ಅದು ವ್ರತ. ಅವರ ತಂದೆ ಹಾಕುತ್ತಿದ್ದರಂತೆ, ಅಜ್ಜ ಹಾಕುತ್ತಿದ್ದರಂತೆ, ಕೊಸರಿಲ್ಲದೆ ಅವರ ಅಂಗಡಿಯಿಂದ ಒಂದು ಚೀಲವೂ ಹೊರಗೆ ಹೋದದ್ದಿಲ್ಲವಂತೆ. ಕಾರ್ಖಾನೆ ಹಾಕಿದ ಮೇಲೆ ಅವರಿಗೆ ಒಂದು ಚಿಂತೆ ಹತ್ತಿತು. ಎರಡು ಲೇಪ ಎಂದು ಮಾತಾಗಿದೆ, ಎರಡೇ ಕೊಟ್ಟರೆ ತೂಕಕ್ಕೆ ತೂಕ ಆಯಿತಲ್ಲ, ಕೊಸರೆಲ್ಲಿ? ಅದಕ್ಕೆ ಅವರೇ ದಾರಿ ಕಂಡುಕೊಂಡರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದು, ಎರಡನೆಯ ಲೇಪ ಒಣಗಿಸಿ, ಸುಡುವ ಮುಂಚೆ ಸಾಲಾಗಿ ನಿಲ್ಲಿಸಿದ ಬೆಂಡ್ ಪೈಪುಗಳ ಮೇಲೆ ತಮ್ಮ ಕೈಯಾರೆ ಒಂದೊಂದು ಸೌಟು ನೀಲಿ ಹಿಟ್ಟು ಹೊಯ್ಯುತ್ತಿದ್ದರು. ಸೌಟು ಮನೆಯಿಂದ ತಂದದ್ದು, ಹಿತ್ತಾಳೆಯದು. ಹೊಯ್ಯುವಾಗ ಮುಖದಲ್ಲಿ ದಾಸೋಹದಲ್ಲಿ ಬಡಿಸುವವರ ತೃಪ್ತಿ.

"ನಮ್ಮ ಕೈಯಿಂದ ಹೋಗೋ ಮಾಲಿಗೆ ಕೊಸರಿರಬೇಕು ತಮ್ಮಾ. ಅಷ್ಟಷ್ಟೇ ಕೊಡೋನು ವ್ಯಾಪಾರಿ ಅಲ್ಲ" ಎಂದು ನನಗೆ ಬೇರೆ ಉಪದೇಶ.

ನಾನು "ಹೌದ್ರಿ" ಎನ್ನುತ್ತಿದ್ದೆ. ಸಂಜೆ ಗೆಳೆಯರ ಮುಂದೆ ಅವರು ಸೌಟು ಹಿಡಿಯುವ ಭಂಗಿಯನ್ನು ಮಾಡಿ ತೋರಿಸುತ್ತಿದ್ದೆ. ಆ ಕೊಸರು ನಗೆಪಾಟಲು ಎಂದುಕೊಂಡೆನೇ ಹೊರತು ಅದರಿಂದ ಕೇಡಾಗಬಹುದೆಂದು ನನಗೆ ಹೊಳೆಯಲೇ ಇಲ್ಲ. ಯಾರನ್ನಾದರೂ ದಡ್ಡರೆಂದು ತೀರ್ಮಾನಿಸಿಬಿಟ್ಟರೆ ಅವರು ಮಾಡುತ್ತಿರುವುದನ್ನು ಕಣ್ಣಿಟ್ಟು ನೋಡುವ ಕೆಲಸ ತಪ್ಪುತ್ತದೆ. ನನಗೆ ಆ ಸುಖ ಚೆನ್ನಾಗಿ ಒಗ್ಗಿತ್ತು.

ಎರಡು ವರ್ಷದ ಹತ್ತಿರ ನಮ್ಮ ಮಾಲಿನ ಮೇಲೆ ಹರಿಹರದಿಂದ ಒಂದು ದೂರೂ ಬರಲಿಲ್ಲ. ನನ್ನ ಹಿಟ್ಟಿನ ಅಳತೆಯೇ ಅದಕ್ಕೆ ಕಾರಣ ಎಂದು ನಾನು ನಂಬಿದ್ದೆ.

ಒಂದು ದಿನ ಮಧ್ಯಾಹ್ನ ಸಾಹುಕಾರರು ಊಟಕ್ಕೆ ಮನೆಗೆ ಹೋಗಿದ್ದಾಗ, ನಾನು ಎಂದಿಗಿಂತ ಬೇಗ ನನ್ನ ಡಬ್ಬಿ ಮುಗಿಸಿ ಭಟ್ಟಿಯ ಕಡೆ ಹೋದೆ. ಮೇಸ್ತ್ರಿ ಒಂದು ಬೆಂಡ್ ಪೈಪನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಮೆತ್ತನೆಯ ಬ್ರಶ್ಶಿನಿಂದ ಅದರ ಮೈ ಜಾಡಿಸುತ್ತಿದ್ದರು. ಸುಡುವ ಮುಂಚೆ ಲೇಪ ಒಣಗಿದ ಸುಣ್ಣದ ಹಾಗಿರುತ್ತದೆ, ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಉದುರಿದ ಪುಡಿ ಕೆಳಗಿಟ್ಟಿದ್ದ ತಗಡಿನ ಡಬ್ಬಿಗೆ ಬೀಳುತ್ತಿತ್ತು. ಆಗಾಗ ಉಗುರಿನಿಂದ ಮೆಲ್ಲಗೆ ಕೆರೆದು, ಕಣ್ಣಿನ ಹತ್ತಿರ ತಂದು ನೋಡಿ, ಮತ್ತೆ ಜಾಡಿಸುತ್ತಿದ್ದರು.

ನನಗೆ ಎಲ್ಲ ಅರ್ಥವಾಗಿಹೋಯಿತು. ಎಂದರೆ, ಅರ್ಥವಾಯಿತು ಎಂದುಕೊಂಡೆ. ಪೇಟೆಯಲ್ಲಿ ಎನಾಮಲ್ ಬೋರ್ಡು ರಿಪೇರಿ ಮಾಡುವವರಿದ್ದರು. ಪುಡಿ ಅಲ್ಲಿಗೆ ಹೋಗುತ್ತಿದೆ.

"ಎಷ್ಟು ದಿನದಿಂದ ನಡೀತಾ ಐತ್ರಿ ಇದು?" ಎಂದೆ.

ಮೇಸ್ತ್ರಿ ಬೆಚ್ಚಲಿಲ್ಲ. "ಮೊದ್ಲಿಂದ್ಲೂ ರೀ ಸಾಹೇಬ್ರೆ" ಎಂದರು. "ಸಾಹುಕಾರ್ರು ಹಾಕಿದ ಕೊಸರು ಇದು. ಹಂಗೇ ಸುಟ್ರೆ ದಪ್ಪ ಆಕ್ಕತಿ. ದಪ್ಪ ಆದ್ರೆ ಬಿಸಿ, ನೀರು ಎರಡೂ ತಡಿಯಲ್ರಿ, ಒಡಿತೈತೆ. ಅದಕ್ಕ ಜಾಡಿಸ್ತೀನಿ."

"ಹಂಗಾದ್ರೆ ಅವರಿಗೇ ಹೇಳ್ಬೇಕಿತ್ತು."

"ಹಿರೇರು ಪೂಜಿ ಮಾಡಿ ಬಂದು ಕೈಯಾರ ಹಾಕ್ತಾರ. ಬ್ಯಾಡ ಅನ್ನಕ್ಕೆ ನಂಗೆ ಬಾಯಿ ಬರಲ್ರಿ. ಅವರು ಹಾಕ್ಲಿ, ನಾನು ಜಾಡಿಸ್ತೀನಿ. ಪುಡಿ ನಾಳೆ ಮತ್ತೆ ಹಿಟ್ಟಿಗೇ ಕಲಸ್ತೀನಿ. ಯಾರಿಗೇನು ನಷ್ಟ ಹೇಳ್ರಿ?"

ಎಂದರೆ, ಎರಡು ವರ್ಷದಿಂದ ಸಾಹುಕಾರರು ಬೆಳಿಗ್ಗೆ ಹೊಯ್ಯುತ್ತಿದ್ದದ್ದು ಅದೇ ಕೊಸರು, ಮಧ್ಯಾಹ್ನ ಇವರು ಜಾಡಿಸುತ್ತಿದ್ದದ್ದೂ ಅದೇ ಕೊಸರು. ಇವತ್ತು ಅದನ್ನು ನೆನೆದರೆ ಆ ಮನುಷ್ಯನ ಜಾಣತನಕ್ಕೆ ಕೈಮುಗಿಯಬೇಕು ಅನಿಸುತ್ತದೆ. ಆವತ್ತು ನನಗೆ ಅನಿಸಿದ್ದು, ಕಳ್ಳ ಎಷ್ಟು ಚೆನ್ನಾಗಿ ಕಥೆ ಕಟ್ಟುತ್ತಾನೆ ಎಂದು. ಇನ್ನೂ ಕೆಟ್ಟದ್ದೆಂದರೆ, ಅವರು ಹೇಳುತ್ತಿರುವುದು ನಿಜವಿದ್ದರೂ ಇರಬಹುದು ಎಂದು ಒಂದು ಕ್ಷಣ ಹೊಳೆದು, ಅದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಕೆಮಿಸ್ಟ್ ನಾನು, ಲೇಪ ಯಾಕೆ ಒಡೆಯುತ್ತದೆಂದು ಉಗುರಿನಿಂದ ಕೆರೆಯುವವನು ನನಗೆ ಹೇಳಬೇಕೇ?

"ಒಡೆಯೋದು ಬಿಡೋದು ನಂಗೆ ಕಲಿಸಬ್ಯಾಡ್ರಿ" ಎಂದು ಬ್ರಶ್ಶನ್ನು ಅವರ ಕೈಯಿಂದ ಕಸಿದುಕೊಂಡೆ. "ಇನ್ನೊಂದು ಸಲ ಇದು ಕಂಡ್ರೆ, ಪುಡಿ ಕದೀತೀರಿ ಅಂತ ಸಾಹುಕಾರ್ರಿಗೆ ಹೇಳ್ತೀನಿ."

ಕದಿಯುವ ಮಾತು ಬಂದೊಡನೆ ಅವರ ಮುಖ ಬಿಳುಚಿಕೊಂಡಿತು. ಪೈಪನ್ನು ಎತ್ತಿ ಸಾಲಿನಲ್ಲಿ ಇಟ್ಟರು. ಅವರನ್ನು ಹಿಡಿದುಕೊಡದೆ ಬಿಟ್ಟೆನಲ್ಲ ಎಂದು ನನ್ನ ದೊಡ್ಡತನಕ್ಕೆ ನಾನೇ ತಲೆದೂಗುತ್ತ ಸಂಜೆ ಸೈಕಲ್ ಹತ್ತಿದೆ. ಹೊಸ ಬ್ರಶ್ಶು ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೇ ಎಂದರೆ ಸಿಗುತ್ತಿತ್ತು. ಆದರೆ ಆವತ್ತಿನಿಂದ ಮಧ್ಯಾಹ್ನವೆಲ್ಲ ನಾನು ಭಟ್ಟಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ.

ಹಾಗೆ ಜಾಡಿಸದೆ ಸುಟ್ಟ ಮೊದಲ ಲೋಡು ಹರಿಹರಕ್ಕೆ ಹೋದ ನಾಲ್ಕನೆಯ ದಿನ ಕರೆ ಬಂತು. ನಾನೂ ಮೇಸ್ತ್ರಿಯೂ ಬಸ್ಸಿನಲ್ಲಿ ಹೋದೆವು. ಅಲ್ಲಿ ಮಾಲು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಒಬ್ಬ ಇದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಬೆಂಗಳೂರಿನವನು. ಜೇಬಿನಲ್ಲಿ ಮೂರು ಪೆನ್ನು, ಒಂದರಲ್ಲೂ ಶಾಯಿಯಿಲ್ಲ. ಸಹಿ ಹಾಕಲು ನನ್ನ ಪೆನ್ನು ಕೇಳಿದ. ಒಂದು ಬೆಂಡ್ ಪೈಪನ್ನು ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಬಕೆಟ್ಟಿನ ನೀರಿಗೆ ಅದ್ದಿಸಿದ. ಚುಂಯ್ ಎಂದು ಆವಿ ಎದ್ದಿತು, ಅದರ ಹಿಂದೆಯೇ ಟಿಕ್ ಟಿಕ್ ಎಂದು ಸಣ್ಣ ಸದ್ದು. ಹೊರಗೆ ತೆಗೆದಾಗ ಬಾಗಿನ ಮೇಲೆಲ್ಲ ಕೂದಲಿನಷ್ಟು ಸಣ್ಣ ಬಿರುಕು, ಒಂದು ಕಡೆ ಒಣಗಿದ ರೊಟ್ಟಿಯ ಚೂರಿನಂತೆ ಲೇಪ ಎದ್ದು ನಿಂತಿತ್ತು. ಐದು ಪೈಪು ಅದ್ದಿಸಿದರು, ಐದೂ ಹಾಗೇ.

"ಫರ್ನೇಸ್ ಸರಿಯಿಲ್ಲ ರೀ ನಿಮ್ಮದು" ಎಂದ ಇನ್ಸ್‌ಪೆಕ್ಟರು. "ಫೈರಿಂಗ್ ಫಾಲ್ಟ್. ಭಟ್ಟಿ ಮೇಸ್ತ್ರಿ ಯಾರು?"

ಅವನಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಯಾವಾಗಲೂ ಬೆಂಕಿಯ ಹತ್ತಿರ ನಿಂತವನನ್ನೇ ಕೇಳುತ್ತಾರೆ. ಮೇಸ್ತ್ರಿ ಮುಂದೆ ಬಂದು "ನಾನ್ರಿ" ಎಂದರು.

ಎದ್ದು ನಿಂತಿದ್ದ ಚೂರೊಂದನ್ನು ನಾನು ಜೇಬಿಗೆ ಹಾಕಿಕೊಂಡೆ. ಸ್ಕ್ರೂಗೇಜೂ ನನ್ನ ಚೀಲದಲ್ಲಿತ್ತು, ಇನ್ಸ್‌ಪೆಕ್ಟರನ ಮುಂದೆ ಡೌಲು ಮಾಡಲೆಂದು ತಂದದ್ದು. ಬಸ್‌ ನಿಲ್ದಾಣದಲ್ಲಿ ಮೇಸ್ತ್ರಿ ಚಹಾ ತರಲು ಹೋದಾಗ ಚೂರನ್ನು ಅದರ ಬಾಯಿಗೆ ಕೊಟ್ಟು ತಿರುಗಿಸಿದೆ. ಇರಬೇಕಾದದ್ದಕ್ಕಿಂತ ದುಪ್ಪಟ್ಟು ದಪ್ಪ ಇತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಆ ಮಧ್ಯಾಹ್ನ ಅವರು ಹೇಳಿದ್ದು ಅಕ್ಷರಶಃ ನಿಜ.

ಮೇಸ್ತ್ರಿ ಚಹಾದ ಲೋಟ ಕೈಗಿಟ್ಟು, ಗೇಜನ್ನು ನೋಡಿ, ನನ್ನ ಮುಖವನ್ನೂ ನೋಡಿದರು. "ಬ್ರಶ್ ಕೊಟ್ಟುಬಿಡ್ರಿ ಸಾಹೇಬ್ರೆ. ಮುಂದಿನ ಲೋಡಿಗೆ ಸರಿ ಮಾಡ್ತೀನಿ. ಯಾರಿಗೂ ಏನೂ ಹೇಳೋದು ಬ್ಯಾಡ" ಎಂದರು.

ನನ್ನ ಮರ್ಯಾದೆಯನ್ನೂ ಅವರೇ ಕಾಯಲು ನೋಡುತ್ತಿದ್ದರು. ಅದೇ ನನಗೆ ನುಂಗಲಾರದ ತುತ್ತಾಯಿತು. "ನೋಡೋಣ್ರಿ" ಎಂದೆ. ಬಾತಿ ಬಂದೊಡನೆ, ದಾವಣಗೆರೆಯ ಶೆಡ್ಡಿನಲ್ಲಿ ನನ್ನ ಸೈಕಲ್ಲು ಇದ್ದರೂ, ಅವರ ಪಕ್ಕದಲ್ಲಿ ಇನ್ನೊಂದು ಗಳಿಗೆ ಕೂರಲಾಗದೆ ಬಸ್ಸಿಳಿದುಬಿಟ್ಟೆ.

ಸಾಹುಕಾರರು ಮಾರನೆಯ ದಿನ ಮೇಸ್ತ್ರಿಯನ್ನು ಕರೆದು ನನ್ನೆದುರಿಗೇ ಹೇಳಿದರು: "ಇನ್ನೊಂದು ಲೋಡು ನೋಡ್ತೀನಿ ಮೇಸ್ತ್ರಿ. ಅದೂ ಒಡೀತು ಅಂದ್ರೆ ನೀವು ಊರಿಗೆ ಹೋಗಿಬಿಡ್ರಿ. ನಮ್ಮ ಮನೆತನದ ಮಾಲು ಇಲ್ಲಿವರೆಗೂ ವಾಪಸ್ ಬಂದಿದ್ದಿಲ್ಲ."

ಮೇಸ್ತ್ರಿ "ಆತ್ರಿ" ಎಂದರು. ಅವರ ಬದುಕು ಆ ಬ್ರಶ್ಶಿನ ಜೊತೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಬೀಗವೂ ಹಾಕಿರಲಿಲ್ಲ, ಎಳೆದು ಕೊಡಬೇಕಿತ್ತು ಅಷ್ಟೇ. ಕೊಟ್ಟರೆ ಲೋಡು ಪಾಸಾಗುತ್ತದೆ. ಪಾಸಾದರೆ ಎರಡು ವರ್ಷ ಈ ಕಾರ್ಖಾನೆ ನಡೆದದ್ದು ನನ್ನ ಅಳತೆಯಿಂದಲ್ಲ, ಅವರ ಉಗುರಿನಿಂದ ಎಂದು ನಾನು ಅವರೆದುರು ಒಪ್ಪಿಕೊಂಡಂತಾಗುತ್ತದೆ. ಮೂರನೆಯವರಿಗೆ ಗೊತ್ತಾಗುವ ಭಯವೂ ಇರಲಿಲ್ಲ. ಅವರೊಬ್ಬರ ಮುಂದೆ ಒಪ್ಪಿಕೊಳ್ಳುವುದೇ ನನಗೆ ಬೇಡವಾಗಿತ್ತು.

ಹಾಗಾಗಿ ವಿಜ್ಞಾನಕ್ಕೆ ಕೈ ಹಾಕಿದೆ. ಹಿಟ್ಟಿಗೆ ಜೇಡಿ ಸ್ವಲ್ಪ ಹೆಚ್ಚು ಹಾಕಿಸಿದೆ, ಸುಟ್ಟ ಪೈಪನ್ನು ನಿಧಾನವಾಗಿ ತಣಿಸಲು ಬೂದಿಯಲ್ಲಿ ಹೂಳಿಸಿದೆ, ನೋಟ್‌ಬುಕ್ಕಿನಲ್ಲಿ ಎರಡು ಪುಟ ಸಮೀಕರಣ ಬರೆದೆ. ಸಾಹುಕಾರರಿಗೆ ಈ ಸಡಗರ ಬಹಳ ಹಿಡಿಸಿತು. ಹೋದ ಸಲ ಮಾಲು ಕೆಟ್ಟಿದ್ದರಿಂದ ಗಿರಾಕಿಗೆ ನಷ್ಟವಾಯಿತೆಂದು ಈ ಸಲ ಒಂದರ ಬದಲು ಒಂದೂವರೆ ಸೌಟು ಕೊಸರು ಹೊಯ್ದರು. ಮೇಸ್ತ್ರಿ ಅದನ್ನು ನೋಡಿ ನನ್ನ ಕಡೆ ತಿರುಗಿದರು. ನಾನು ಬೂದಿ ಜರಡಿ ಹಿಡಿಸುವುದರಲ್ಲಿ ಮಗ್ನನಾಗಿದ್ದೆ.

ಎರಡನೆಯ ಪರೀಕ್ಷೆಗೆ ಸಾಹುಕಾರರೇ ಬಂದರು. ಕಚ್ಚೆಪಂಚೆ, ಉದ್ದ ಕೋಟು, ಕರಿ ಟೋಪಿ. ಪೈಪುಗಳು ಒಂದಾದ ಮೇಲೊಂದು ನೀರಿಗೆ ಬಿದ್ದು ಟಿಕ್ ಟಿಕ್ ಎನ್ನುತ್ತಿದ್ದಂತೆ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಈ ಸಲ ಲೇಪ ಬಿರಿಯುವುದಷ್ಟೇ ಅಲ್ಲ, ಅಂಗೈಯಗಲ ಕಳಚಿ ಬಕೆಟ್ಟಿನ ತಳಕ್ಕೆ ಬಿತ್ತು. ಪೆನ್ನಿನ ಇನ್ಸ್‌ಪೆಕ್ಟರು, "ಸಾಹುಕಾರ್ರೆ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಇನ್ನೊಂದೇ ಚಾನ್ಸ್ ಕೊಡ್ತೀನಿ. ಆ ಮೇಸ್ತ್ರೀನ ಇಟ್ಕೊಂಡು ಮಾತ್ರ ಬರಬೇಡಿ" ಎಂದ.

ಶೆಡ್ಡಿಗೆ ವಾಪಸು ಬಂದಾಗ ಸಂಜೆ ನಾಲ್ಕು ಗಂಟೆ. ಸಾಹುಕಾರರು ನೇರ ಭಟ್ಟಿಯ ಹತ್ತಿರ ಹೋದರು. "ಮೇಸ್ತ್ರಿ, ನಾಳಿಂದ ಬ್ಯಾಡ" ಎಂದರು. ದನಿ ಏರಿಸಲಿಲ್ಲ. "ಏನಾರ ಹೇಳೋದು ಐತೇನು?"

ಮೇಸ್ತ್ರಿ ಬಾಯಿ ತೆರೆದರು. ಹೇಳಬಹುದಿತ್ತು. ಆದರೆ ಹೇಳುವುದೆಂದರೆ, ಯಜಮಾನರೇ, ನೀವು ಪೂಜೆ ಮಾಡಿ ಬಂದು ಹೊಯ್ದ ಕೊಸರನ್ನು ಎರಡು ವರ್ಷ ನಿಮ್ಮ ಬೆನ್ನ ಹಿಂದೆ ಜಾಡಿಸಿ ಹಾಕಿದ್ದೇನೆ ಎಂದು ಆ ಮುಖಕ್ಕೆ ಹೇಳಬೇಕು. ಅದು ಅವರಿಂದಾಗಲಿಲ್ಲ. ಅವರು ನನ್ನ ಕಡೆ ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು. ಸಾಹೇಬರು ಈಗ ಹೇಳುತ್ತಾರೆ ಎಂದು ನಂಬಿಕೊಂಡು ಕಾಯುವ ನೋಟ. ಕಣ್ಣಿನ ನೀರನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡು ಮತ್ತೆ ನೋಡಿದರು. ನಾನು ನೋಟ್‌ಬುಕ್ಕಿನ ಪುಟ ತಿರುವಿದೆ.

"ಏನಿಲ್ರಿ" ಎಂದರು ಮೇಸ್ತ್ರಿ. ಭಟ್ಟಿಯ ಬಾಗಿಲು ಮುಚ್ಚಿ, ಚಿಲಕ ಹಾಕಿ, ಗೋಡೆಗೆ ಸಿಕ್ಕಿಸಿದ್ದ ಅಂಗಿ ತೆಗೆದುಕೊಂಡು ಹೋದರು. ಹೋಗುವಾಗ ನನಗೂ ನಮಸ್ಕಾರ ಮಾಡಿದರು.

ಮರುದಿನ ಸಾಹುಕಾರರು ಊಟಕ್ಕೆ ಹೋದಾಗ ನಾನು ಡ್ರಾಯರು ಎಳೆದು ಬ್ರಶ್ಶು ತೆಗೆದೆ. ಮೂರು ಪೈಪಿನ ಮೇಲಿನ ಕೊಸರನ್ನು ಜಾಡಿಸಿ, ನಾನೇ ಭಟ್ಟಿಗಿಟ್ಟು ಸುಟ್ಟೆ. ತಣಿದ ಮೇಲೆ ಮತ್ತೆ ಕಾಯಿಸಿ ನೀರಿಗೆ ಅದ್ದಿದೆ. ಚುಂಯ್ ಎಂದಿತು, ಆಮೇಲೆ ಸದ್ದೇ ಇಲ್ಲ. ಮೂರು ಸಲ ಅದ್ದಿದರೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಖುಷಿಯಾಯಿತು. ಹೌದು, ನಾಚಿಕೆಯಾಗುವ ಮೊದಲು ಖುಷಿಯೇ ಆಯಿತು. ಎರಡು ದಿನ ಕೂತು ಇಂಗ್ಲಿಷಿನಲ್ಲಿ ಮೂರು ಪುಟದ ರಿಪೋರ್ಟು ಬರೆದೆ: ಲೇಪದ ದಪ್ಪ, ಕಾವಿನ ಏರಿಳಿತ, ಬಿರುಕು. ನಾನೇ ಕಂಡುಹಿಡಿದಂತೆ ಬರೆದೆ. ಕೆಳಗೆ ಸಹಿ, ಸಹಿಯ ಕೆಳಗೆ ಬಿಎಸ್ಸಿ.

ಸಾಹುಕಾರರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕನ್ನಡದಾಗೆ ಹೇಳು ತಮ್ಮಾ" ಎಂದರು.

ನಾನು ಈ ಗಳಿಗೆಗಾಗಿಯೇ ಕಾದಿದ್ದೆ. ಬೆಲ್ಲದ ವ್ಯಾಪಾರಿಗೆ ಕಬ್ಬಿಣ ಎಂದರೇನೆಂದು ಹೇಳುವ ಗಳಿಗೆ. ಹೇಳಿದರೆ ಅವರು ಒಪ್ಪುವುದಿಲ್ಲ, ನಮ್ಮಪ್ಪ ನಮ್ಮಜ್ಜ ಎಂದು ಹಾರಾಡುತ್ತಾರೆ, ಆಗ ನಾನು ಹೊಳೆಯುವ ಪೈಪನ್ನು ಮುಂದಿಡುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದೆ.

"ನೀವು ಹಾಕೋ ಕೊಸರಿಂದ ಲೇಪ ದಪ್ಪ ಆಗ್ತೈತ್ರಿ" ಎಂದೆ. "ದಪ್ಪ ಆಗಿದ್ದಕ್ಕೆ ಒಡಿತೈತೆ."

ಅವರು ಹಾರಾಡಲಿಲ್ಲ. ಪೈಪು ತರಿಸಿ ನೋಡಲೂ ಇಲ್ಲ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಅಂದ್ರೆ ತಪ್ಪು ನಂದು" ಎಂದರು. "ಛೇ. ಕಬ್ಬಿಣಕ್ಕೆ ಕೊಸರು ಆಗಿಬರಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಯಾರಾರ ಒಂದು ಮಾತು ಹೇಳಿದ್ರೆ ಅವತ್ತೇ ಸೌಟು ಇಟ್ಟುಬಿಡ್ತಿದ್ದೆ. ನಾಳೆ ನಾನೇ ಹರಿಹರಕ್ಕೆ ಹೋಗಿ ಹೇಳ್ತೀನಿ, ತಪ್ಪು ನಂದು ಅಂತ."

ಮೂವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ ತಪ್ಪು ತಮ್ಮದೆನ್ನಲು ಇಷ್ಟೇ ಹೊತ್ತು ತೆಗೆದುಕೊಂಡರು. ನಾನು ಎರಡು ವರ್ಷ ಅವರನ್ನು ಆಡಿಕೊಂಡು ನಗುವ ಬದಲು ಒಂದೇ ಒಂದು ಸಲ ಕಣ್ಣೆತ್ತಿ ನೋಡಿ ಮಾತಾಡಿದ್ದರೆ ಯಾವ ಬ್ರಶ್ಶೂ ಬೇಕಾಗುತ್ತಿರಲಿಲ್ಲ.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ಮೇಸ್ತ್ರಿಗೆ ಇದು ಗೊತ್ತಿತ್ತೇನು? ಹದಿನಾರು ವರ್ಷ ಬೊಂಬಾಯಾಗೆ ಇದ್ದೋನು. ಏನೋ ಹೇಳಕ್ಕೆ ಬಂದು ಸುಮ್ನಾದ ಅನ್ನಿಸ್ತು ನಂಗೆ ಅವತ್ತು. ನಿನ್ನ ಹತ್ರ ಏನಾರ ಹೇಳಿದ್ನಾ? ಗೊತ್ತಿತ್ತು ಅಂದ್ರೆ ಈಗ್ಲೇ ಭಾನುವಳ್ಳಿಗೆ ಗಾಡಿ ಕಳಿಸ್ತೀನಿ. ಕೈಮುಗಿದು ಕರಕೊಂಡ್ ಬರ್ತೀನಿ."

ಗಾಡಿ ಹೊರಗೇ ನಿಂತಿತ್ತು. ಎತ್ತಿನ ಗೆಜ್ಜೆ ಕೇಳಿಸುತ್ತಿತ್ತು. ರಿಪೋರ್ಟು ಅವರ ಕೈಯಲ್ಲಿತ್ತು, ಸಹಿ ಮೇಲಕ್ಕೆ ಕಾಣುವಂತೆ.

"ಇಲ್ರಿ ಸಾಹುಕಾರ್ರೆ" ಎಂದೆ. "ಅವರಿಗೇನು ಗೊತ್ತಿರ್ತೈತೆ."

"ಪಾಪ" ಎಂದರು ಸಾಹುಕಾರರು. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. "ಹಂಗಾದ್ರೆ ಇನ್ಮೇಲೆ ಭಟ್ಟೀನೂ ನೀನೇ ನೋಡ್ಕೋ ತಮ್ಮಾ" ಎಂದರು. ಹೊರಗೆ ಹೋಗಿ, ಕಾಯುತ್ತಿದ್ದ ಗಾಡಿಯವನಿಗೆ ಎತ್ತು ಬಿಚ್ಚಲು ಹೇಳಿದರು.